ಹಿತ್ತಾಳೆ ನಳಿಕೆ ಆರಿಸುತ್ತಿದ್ದ ಅಕ್ಕ

ಮೊನ್ನೆ ರಿಜಿಸ್ಟರ್ ಪಾರ್ಸೆಲ್ ಕಳಿಸಲು ಅಂಚೆ ಕಚೇರಿಗೆ ಹೋಗಿದ್ದೆ. ಗುಮಾಸ್ತರು ಮೇಣದ ಬತ್ತಿ ಹಚ್ಚಿ ಅರಗಿನ ಕಡ್ಡಿಯನ್ನು ಉರಿಗೆ ಹಿಡಿದರು. ಅದು ಮೊದಲು ಬೆವರಿದಂತೆ ಹೊಳೆಯಿತು, ಆಮೇಲೆ ತೊಟ್ಟಿಕ್ಕಿ ಬಟ್ಟೆಯ ಹೊಲಿಗೆಯ ಮೇಲೆ ಕೆಂಪಗೆ ಕೂತಿತು. ಆ ವಾಸನೆ... ಸೀದ ಬೆಲ್ಲದ್ದೂ ಅಲ್ಲ, ಸುಟ್ಟ ಮರದ್ದೂ ಅಲ್ಲ, ಎರಡರ ನಡುವಿನದು. ನಾನು ಮೇಜಿನ ಅಂಚು ಹಿಡಿದು ನಿಂತುಬಿಟ್ಟೆ. "ಏನಮ್ಮ, ತಲೆ ಸುತ್ತು ಬಂತಾ? ಕೂತ್ಕೊಳ್ಳಿ" ಅಂದರು ಅವರು. ಇಲ್ಲಪ್ಪ ಅಂದೆ. ತಲೆ ಸುತ್ತಿದ್ದಲ್ಲ, ಹೊಳೆನರಸೀಪುರದ ಪೇಟೆಬೀದಿಯ ಆ ಮನೆಯ ಹೊಸಿಲಲ್ಲಿ ನಿಂತಂತಾಗಿತ್ತು, ಅಷ್ಟೆ.

ಹಾಸನದ ಕಾನ್ವೆಂಟಿನಲ್ಲಿ ಓದುತ್ತಿದ್ದ ನನ್ನನ್ನು ಎರಡನೆಯ ಮಹಾಯುದ್ಧ ಶುರುವಾದ ಹೊಸದರಲ್ಲಿ ಹೊಳೆನರಸೀಪುರಕ್ಕೆ ಮದುವೆ ಮಾಡಿ ಕೊಟ್ಟರು. ನಮ್ಮ ಯಜಮಾನರು ಅಲ್ಲಿನ ಶಾಲೆಯಲ್ಲಿ ಮೇಷ್ಟರು. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಬೆಳಿಗ್ಗೆ ನಾನು ರಂಗೋಲಿ ಇಟ್ಟು ಒಳಗೆ ಬರುವಷ್ಟರಲ್ಲಿ ಗೋಡೆಯಾಚೆ ಗರಗರ ಸದ್ದು ಶುರುವಾಗುತ್ತಿತ್ತು. ಮೊದಮೊದಲು ಬೀಸುವ ಕಲ್ಲು ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅದು ಮರ ಕಡೆಯುವ ಚರಕಿ. ಪಕ್ಕದ ಮನೆಯ ಯಜಮಾನರು, ನಾನು ಭಾವ ಅನ್ನುತ್ತಿದ್ದವರು, ಅದರ ಮೇಲೆ ಬೀಟೆಯ ಕಡ್ಡಿಗಳನ್ನು ಕಡೆದು ತಿರುಪಿನ ಪೆನ್ಸಿಲ್ ಮಾಡುತ್ತಿದ್ದರು. ಹಿಂದಿನ ತುದಿಯನ್ನು ತಿರುಗಿಸಿದರೆ ಮುಂದಿನಿಂದ ಸೀಸದ ಕಡ್ಡಿ ಇಷ್ಟಿಷ್ಟೇ ಹೊರಗೆ ಬರುವ ಪೆನ್ಸಿಲ್. ಕೆತ್ತಲು ಚಾಕು ಬೇಡ. ಬಿಸಿಲಲ್ಲಿ ಹೊಲ ಅಳೆಯುವ ಶಾನುಭೋಗರು, ಅರಕಲಗೂಡಿನ ಕಡೆಯ ಮರದ ವ್ಯಾಪಾರಿಗಳು, ಚನ್ನರಾಯಪಟ್ಟಣದ ಕೊಬ್ಬರಿ ಮಂಡಿಯವರು ಹುಡುಕಿಕೊಂಡು ಬರುತ್ತಿದ್ದರು.

ಪೆನ್ಸಿಲ್ಲಿನ ಮರದ ಮೈ ಮಾಡುವವರು ಭಾವ. ಆದರೆ ಒಳಗಿನ ಹಿತ್ತಾಳೆಯ ನಳಿಕೆಯನ್ನು ಆರಿಸುತ್ತಿದ್ದವರು ಅವರ ಹೆಂಡತಿ. ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ.

ನಳಿಕೆ ಇಲ್ಲಿ ಮಾಡುವ ವಸ್ತುವಲ್ಲ. ಹೊರದೇಶದಿಂದ ಬಂದು, ಬೆಂಗಳೂರಿನ ಪೇಟೆಯನ್ನು ಹಾದು, ತಗಡಿನ ಡಬ್ಬಿಯಲ್ಲಿ ಹೊಳೆನರಸೀಪುರಕ್ಕೆ ಬರುತ್ತಿತ್ತು. ನೋಡಿದರೆ ಎಲ್ಲವೂ ಒಂದೇ. ಆದರೆ ಒಂದರಲ್ಲಿ ತಿರುಪು ಸಡಿಲ, ಇನ್ನೊಂದರಲ್ಲಿ ಬಾಯಿ ಅಗಲ. ಬರೆಯುವಾಗ ಸ್ವಲ್ಪ ಒತ್ತಿದರೆ ಸೀಸದ ಕಡ್ಡಿ ಆಮೆಯ ತಲೆಯಂತೆ ಒಳಕ್ಕೆ ಹೋಗಿಬಿಡುತ್ತಿತ್ತು. ನಳಿಕೆಯನ್ನು ಮರದೊಳಗೆ ಅರಗಿನಲ್ಲಿ ಕೂರಿಸಿದ ಮೇಲೆ ತೆಗೆಯುವ ಹಾಗಿಲ್ಲ, ಮರವನ್ನೇ ಸೀಳಬೇಕು. ಆದ್ದರಿಂದ ಆರಿಸುವುದೆಲ್ಲ ಮೊದಲೇ ಆಗಬೇಕು.

ಅಕ್ಕನ ಪರೀಕ್ಷೆ ವಿಚಿತ್ರವಾಗಿತ್ತು. ಹೊಸ ನಳಿಕೆಗಳನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಒಲೆಯ ಮುಂದೆ ಕೂರುತ್ತಿದ್ದರು. ಕಾಲಿನಿಂದ ಮಡಕೆ ಅದುಮಿ ಹಿಡಿದು, ಎರಡೂ ಕೈಯಲ್ಲಿ ಕೋಲು ಹಿಡಿದು, ಮೈಯೆಲ್ಲ ಬೆವರಿ ಮುದ್ದೆ ತೊಳಸಿ ಮುಗಿಸಿದ ಮೇಲೆ ಸೊಂಟದ ಗಂಟು ಬಿಚ್ಚುತ್ತಿದ್ದರು. "ಗಂಡಸ್ರು ಅಂಗಿ ಜೇಬಲ್ಲಿ ಇಟ್ಕಂಡು ಬಿಸ್ಲಲ್ಲಿ ತಿರುಗ್ತಾರೆ ಕಣವ್ವ. ಬೆವರು ಕುಡುದ್ಮೇಲೂ ನೆಟ್ಟಗಿದ್ರೆ ಅದು ನಳಿಕೆ" ಎನ್ನುತ್ತಿದ್ದರು. ಆಮೇಲೆ ಕಣ್ಣು ಮುಚ್ಚಿ, ನಳಿಕೆಯ ಬುಡವನ್ನು ಉಂಗುರದ ಬೆರಳಿನ ಮೇಲೆ ನಿಲ್ಲಿಸಿ, ಹೆಬ್ಬೆರಳಿನಿಂದ ಮೆಲ್ಲಗೆ ತಿರುಗಿಸುತ್ತಿದ್ದರು. ಆ ಬೆರಳಿಗೇ ಏನೋ ತಿಳಿಯುತ್ತಿತ್ತು. ಒಂದು ಕಡೆ "ಊಂ" ರಾಶಿ, ಇನ್ನೊಂದು ಕಡೆ "ಉಹೂಂ" ರಾಶಿ.

ಪಾಸಾದ ನಳಿಕೆಯ ಪೆನ್ಸಿಲ್ಲಿಗೆ ಕೊನೆಗೆ ಅವರೇ ಕೆಂಪು ಪಟ್ಟಿ ಹಾಕುತ್ತಿದ್ದರು. ಭಾವ ಚರಕಿ ತಿರುಗಿಸುತ್ತಿದ್ದರೆ, ಅಕ್ಕ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಿದ್ದರು. ಉಜ್ಜಿದ ಬಿಸಿಗೇ ಅರಗು ಕರಗಿ ಮರವನ್ನು ಹಿಡಿಯುತ್ತಿತ್ತು. ಆಮೇಲೆ ಕೇದಗೆಯ ಎಲೆಯಿಂದ ಒರೆಸಿದರೆ ಕನ್ನಡಿಯಂಥ ಹೊಳಪು. ಕೆಂಪು ಪಟ್ಟಿಯಿಲ್ಲದ ಪೆನ್ಸಿಲ್ ಆ ಮನೆಯಿಂದ ಹೊರಗೆ ಹೋಗುತ್ತಿರಲಿಲ್ಲ.

ಅವರಿಗೆ ಮಕ್ಕಳಿರಲಿಲ್ಲ. ಆದರೆ ಮನೆಯಲ್ಲಿ ಒಂದು ಮಗುವಿತ್ತು, ಭಾವನ ತಮ್ಮನ ಮಗಳು. ಅದರ ತಾಯಿ ಬಾಣಂತಿತನದಲ್ಲೇ ತೀರಿಕೊಂಡಿದ್ದಳು. ತಮ್ಮನಿಗೆ ಹಾಸನದಲ್ಲಿ ಕಾಗದ, ಮಸಿ, ಸ್ಲೇಟು ಮಾರುವ ಪುಟ್ಟ ಅಂಗಡಿ. ನಳಿಕೆ ತರಿಸಿ ಕೊಡುತ್ತಿದ್ದವನೂ, ಪೆನ್ಸಿಲ್ ಮಾರುತ್ತಿದ್ದವನೂ ಅವನೇ. ವಾರಕ್ಕೊಮ್ಮೆ, ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ಬಂದು ಮಗಳನ್ನು ನೋಡಿಕೊಂಡು ಹೋಗುತ್ತಿದ್ದ. ಮಗು ಮಾತ್ರ ದೊಡ್ಡವ್ವನ ಸೆರಗು ಬಿಟ್ಟು ಕದಲುತ್ತಿರಲಿಲ್ಲ. ಅಕ್ಕ ಮುದ್ದೆಯನ್ನು ಗೋಲಿಯಷ್ಟು ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಟ್ಟರೆ ಮಾತ್ರ ಅದಕ್ಕೆ ಊಟ.

ಯುದ್ಧ ಜೋರಾದಂತೆ ಒಳ್ಳೆಯ ನಳಿಕೆ ನಿಂತುಹೋಯಿತು. ತಮ್ಮ ಎಲ್ಲೆಲ್ಲಿಂದಲೋ ಹೊಂಚಿ ತರುತ್ತಿದ್ದ. ಹಳೆಯದು, ಹೊಸದು, ಆ ದೇಶದ್ದು, ಈ ಊರಿನದು ಎಲ್ಲ ಬೆರಕೆ. ಅಕ್ಕನ "ಉಹೂಂ" ರಾಶಿ ದೊಡ್ಡದಾಗುತ್ತಾ ಹೋಯಿತು.

"ಅತ್ಗೆ, ಹೆಣ್ ನೋಡಕ್ಕೆ ಬಂದೋರಂಗೆ ಕೊಂಕು ತಗೀತೀರಲ್ಲ" ಎಂದು ಅವನು ನಗುತ್ತಿದ್ದ. "ಒಂದಕ್ಕಾದ್ರೂ ಊಂ ಅನ್ನಿ."

"ನಿಂಗೆ ಹೆಣ್ ನೋಡಾಗ್ಲೂ ಇಂಗೇ ನೋಡಿದ್ದೆ ಕಣ್ಲಾ. ಅದುಕ್ಕೇ ಅಂಥಾ ಬಂಗಾರದಂಥೋಳು ಸಿಕ್ಕಿದ್ಲು" ಎಂದವರು, ತಕ್ಷಣ ಮಗುವಿನ ತಲೆ ನೇವರಿಸಿದರು. ಅವನು ಕೂಡ ಮುಖ ತಿರುಗಿಸಿಕೊಂಡ. ಅತ್ತಿಗೆ ಮೈದುನ ಅಂದರೆ ಹಾಗಿದ್ದರು... ಜಗಳವಾಡಿಕೊಂಡೇ ಒಬ್ಬರಿಗೊಬ್ಬರು ಆಸರೆ.

ಮೊದಲ ಪೆನ್ಸಿಲ್ ವಾಪಸು ಬಂದದ್ದು ಮಲ್ಲಿಪಟ್ಟಣದಿಂದ. ಶಾನುಭೋಗರೊಬ್ಬರು ಅದನ್ನು ಚರಕಿಯ ಪಕ್ಕ ಇಟ್ಟು, "ಏನಯ್ಯಾ, ನಿನ್ ಪೆನ್ಸಿಲ್ಲು ಹೊಸ ಮದುವಣಗಿತ್ತಿ ಆಗ್ಬುಟ್ಟೈತೆ. ಕಾಗದ ಕಂಡ್ರೆ ಒಳಕ್ಕೆ ಓಗ್ತದೆ" ಎಂದರು. ಇದ್ದವರೆಲ್ಲ ನಕ್ಕರು. ಭಾವ ನಗಲಿಲ್ಲ. ಪೆನ್ಸಿಲ್ಲಿನ ಕೊರಳಲ್ಲಿ ಕೆಂಪು ಪಟ್ಟಿ ಹೊಳೆಯುತ್ತಿತ್ತು. ಆಮೇಲೆ ಚನ್ನರಾಯಪಟ್ಟಣದಿಂದ, ದುದ್ದದಿಂದ ಕೂಡ ಬಂದವು. ಹೊಸಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದ ಅಕ್ಕ ಒಳಗೆ ಹೋಗಿಬಿಡುತ್ತಿದ್ದರು.

ಭಾವನಿಗೆ ಹೆಂಡತಿಯ ಬೆರಳಿನ ಮೇಲೆ ಎಳ್ಳಷ್ಟೂ ಸಂಶಯವಿರಲಿಲ್ಲ. ಹಾಗಾಗಿ ಸಂಶಯ ತಮ್ಮನ ಕಡೆಗೆ ತಿರುಗಿತು. ಆರಿಸಿಟ್ಟ ಮೇಲೆ ಯಾರೋ ಬದಲಾಯಿಸುತ್ತಿದ್ದಾರೆಯೇ? ಬೇಕೆಂದೇ ಅಗ್ಗದ ಮಾಲು ತರುತ್ತಿದ್ದಾನೆಯೇ? ಗೋಡೆಯಾಚೆ ಅಣ್ಣತಮ್ಮಂದಿರ ದನಿ ವಾರದಿಂದ ವಾರಕ್ಕೆ ಏರತೊಡಗಿತು. ಇಬ್ಬರ ಜೀವನವೂ ಅದೊಂದೇ ಕಸುಬಿನ ಮೇಲೆ ನಿಂತಿತ್ತಲ್ಲ. "ಇದು ಎಲ್ಲಿಗೆ ಹೋಗಿ ನಿಲ್ಲುತ್ತೋ" ಎಂದು ನಮ್ಮ ಅತ್ತೆ ಕಂಬಕ್ಕೆ ಒರಗಿ ನಿಟ್ಟುಸಿರು ಬಿಡುತ್ತಿದ್ದರು.

ಒಂದು ಬೆಳಿಗ್ಗೆ ಹೆಪ್ಪಿಗೆ ಮಜ್ಜಿಗೆ ಕೇಳಲು ಹಿತ್ತಿಲ ಬಾಗಿಲಿನಿಂದ ಹೋದೆ. ಅಕ್ಕ ಒಲೆಯ ಮೇಲಿಂದ ಕುದಿಯುವ ಸಾರಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದರು. ಇಕ್ಕಳ ಅಲ್ಲೇ ಇತ್ತು, ತೆಗೆದುಕೊಳ್ಳಲಿಲ್ಲ. ನಿಧಾನವಾಗಿ ಇಳಿಸಿ, ನನ್ನ ಕಡೆ ತಿರುಗಿ, "ಬಾ ಕಾನ್ವೆಂಟಮ್ಮ" ಎಂದು ನಕ್ಕರು. ನನ್ನನ್ನು ಅವರು ಕರೆಯುತ್ತಿದ್ದದ್ದೇ ಹಾಗೆ. ನನ್ನ ಮೂಗಿಗೆ ಮಾತ್ರ ಬೇರೊಂದು ವಾಸನೆ ಬಡಿದಿತ್ತು.

"ಅಕ್ಕ, ಕೈ..." ಅಂದೆ.

ಅವರು ಕೈ ತಿರುಗಿಸಿ ನೋಡಿಕೊಂಡರು. ಉಂಗುರದ ಬೆರಳು, ಕಿರುಬೆರಳು ಎರಡೂ ಸುಟ್ಟು ಚರ್ಮ ಬೆಳ್ಳಗೆ ಎದ್ದಿತ್ತು. ಮುಖದಲ್ಲಿ ನೋವಿರಲಿಲ್ಲ. ಬೇರೆಯವರ ಕೈಯನ್ನು ನೋಡಿದ ಹಾಗೆ ನೋಡಿದರು. ಹಳೆಯ ಸುಟ್ಟ ಕಲೆಗಳೂ ಆಗ ನನಗೆ ಕಂಡವು. ಆ ಎರಡು ಬೆರಳುಗಳು ತುಸು ಒಳಕ್ಕೆ ಬಾಗಿದ್ದವು. ರವಿಕೆಯ ತೋಳಿನ ಅಂಚಿನಲ್ಲಿ, ಮೊಣಕೈಗೆ ಸ್ವಲ್ಪ ಮೇಲೆ, ಬಣ್ಣ ಮಾಸಿದ ಒಂದು ಮಚ್ಚೆ...

ಕಾನ್ವೆಂಟಿನಲ್ಲಿದ್ದಾಗ ಕ್ರಿಸ್‌ಮಸ್ ಸಮಯಕ್ಕೆ ಸಿಸ್ಟರ್ ಒಬ್ಬರು ನಮ್ಮನ್ನು ಆಸ್ಪತ್ರೆಗೆ ಹಣ್ಣು ಹಂಚಲು ಕರೆದೊಯ್ಯುತ್ತಿದ್ದರು. ಹಿಂದಿನ ಕಟ್ಟಡದ ಕುಷ್ಠರೋಗಿಗಳ ಹತ್ತಿರ ನಮ್ಮನ್ನು ಬಿಡುತ್ತಿರಲಿಲ್ಲ, ದೂರ ನಿಲ್ಲಿಸುತ್ತಿದ್ದರು. ಅಂಥದೇ ಮಚ್ಚೆಯ ಮೇಲೆ ನರ್ಸು ಹತ್ತಿಯ ಎಳೆ ಆಡಿಸಿ, "ತಿಳಿಯುತ್ತಾ?" ಎಂದು ಕೇಳುವುದನ್ನು ನೋಡಿದ್ದೆ. ಆ ಮನುಷ್ಯ ಕಣ್ಣು ಮುಚ್ಚಿಕೊಂಡೇ, "ಏನು?" ಅಂದಿದ್ದ.

ನಾನು ಬಾಯಿ ಬಿಡಲಿಲ್ಲ. ಆದರೆ ಮುಖ ಸುಮ್ಮನಿರಬೇಕಲ್ಲ. ಅಕ್ಕ ನನ್ನನ್ನೇ ನೋಡುತ್ತಿದ್ದರು.

"ನಿಂಗೂ ಗೊತ್ತಾಯ್ತಾ?" ಅಂದರು ಮೆಲ್ಲಗೆ. "ನಂಗೆ ಮುಂಗಾರಿಗೂ ಮುಂಚೇನೇ ಗೊತ್ತು. ನಳಿಕೆ ಬೆರಳಿನ್ಮೇಲೆ ಕೂತದೆ, ಬೆರಳಿಗೆ ತಿಳಿಯಾಕಿಲ್ಲ. ಬ್ಯಾರೆ ಬೆರಳಲ್ಲಿ ನೋಡ್ದೆ, ಬರ್ನಿಲ್ಲ. ಅಂದಾಜಿನ್ಮೇಲೆ ಊಂ ಅಂತಾ ಬಂದೆ."

"ಅಕ್ಕ, ಹಾಸನಕ್ಕೆ ಹೋಗಿ ತೋರಿಸೋಣ. ನಾನೇ ಬರ್ತೀನಿ. ಔಷಧಿ ಇದೆ."

"ಔಸ್ತಿ ಮೈಗೆ ಕೊಡ್ತಾರೆ. ಹೆಸ್ರಿಗೆ ಏನ್ ಕೊಡ್ತಾರೆ?" ಎಂದರು. ಅಂಗಳದಲ್ಲಿ ಮಗು ಹುಣಿಸೆ ಬೀಜ ಜೋಡಿಸಿಕೊಂಡು ಆಡುತ್ತಿತ್ತು. ಅದರ ಕಡೆ ನೋಡುತ್ತಾ, "ಮಾರೋಗದೋಳು ಸಾಕಿದ ಮಗು ಅಂದ್ರೆ ನಾಳೆ ಯಾರವ್ವ ಅದನ್ನ ಮನೆ ತುಂಬುಸ್ಕಂತಾರೆ? ಇನ್ನ ಅದುಕ್ಕೆ ನನ್ ಕೈಯಿಂದ..." ಎಂದು ನಿಲ್ಲಿಸಿಬಿಟ್ಟರು. ಆಗ ನನಗೆ ಹೊಳೆಯಿತು. ಕೆಲವು ದಿನಗಳಿಂದ ಮಗುವಿನ ಊಟದ ತಟ್ಟೆಯ ಪಕ್ಕ ಚಮಚ ಇರುತ್ತಿತ್ತು. ಮಗು ಚಮಚ ಎಸೆದು ಅಳುತ್ತಿತ್ತು. "ದೊಡ್ಡೋಳಾದ್ಲು, ಕಲೀಲಿ" ಎಂದು ಅಕ್ಕ ಗದರುತ್ತಿದ್ದರು.

"ಅವರಪ್ಪನ ಜತೆ ಕಳಿಸಿಬಿಡಿ" ಅಂದೆ.

"ಸುಮ್ ಸುಮ್ನೆ ಕರ್ಕಂಡೋಗು ಅಂದ್ರೆ ಓಯ್ತಾನಾ? ಯಾಕೆ ಅಂತ ಕೇಳ್ತಾನೆ. ಅವನು ನನ್ನ ಬಿಟ್ಟು ಮಗೂನ ಕರ್ಕಂಡೋಗ್ಬೇಕು ಅಂದ್ರೆ, ಮೊದ್ಲು ನಾನು ಅವನ ಮನ್ಸಿಂದ ಓಗ್ಬೇಕು." ಸುಟ್ಟ ಬೆರಳಿಗೆ ಬೆಣ್ಣೆ ಸವರಿಕೊಂಡರು, ಅದೂ ಅಭ್ಯಾಸಕ್ಕೆ. "ಆಣೆ ಇಕ್ಕು ಕಾನ್ವೆಂಟಮ್ಮ. ಶಿಲುಬೆ ಸಾಮಿ ಆಣೆನೋ, ನಿಮ್ಮನೆ ದೇವ್ರ ಆಣೆನೋ, ಯಾವ್ದಾದ್ರೂ ಇಕ್ಕು. ಆ ಮಗಿಗೆ ಮಾತ್ರ ಇದು ಯಾವತ್ತೂ ತಿಳೀಕೂಡ್ದು."

ಆಣೆ ಮಾಡಿದೆ. ಕೈ ಮೇಲೆ ಕೈ ಇಡಲು ಹೋದರೆ, ಅವರು ತಮ್ಮ ಕೈಯನ್ನು ಹಿಂದಕ್ಕೆ ಎಳೆದುಕೊಂಡರು.

ಆ ವಾರವೇ ತಮ್ಮ ಬಂದ. ಜೊತೆಯಲ್ಲಿ ಒಂದು ಹೊಸ ಡಬ್ಬಿ. ಬೆಂಗಳೂರಿನ ಅಂಗಡಿಯೊಂದರ ಹಳೆಯ ದಾಸ್ತಾನಿನಲ್ಲಿ ಉಳಿದಿದ್ದ, ಯುದ್ಧಕ್ಕೆ ಮುಂಚಿನ ನಳಿಕೆಗಳಂತೆ. ಅವನ್ನು ಹುಡುಕಲು ಪಟ್ಟ ಪಾಡನ್ನು ಅವನು ಹೇಳುತ್ತಿದ್ದದ್ದು ನಮ್ಮ ಮನೆಯವರೆಗೂ ಕೇಳಿಸುತ್ತಿತ್ತು. ಅದರ ಬೆನ್ನಿಗೇ ಭಾವನ ದನಿ ಏರಿತು. ನಮ್ಮ ಅತ್ತೆ, "ಹೋಗಿ ಮಗೂನಾದ್ರೂ ಕರ್ಕೊಂಡು ಬಾರೇ, ಹೆದರಿಕೊಳ್ಳುತ್ತೆ" ಎಂದು ನನ್ನನ್ನು ಕಳಿಸಿದರು. ನಾನು ಹಿತ್ತಿಲ ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತೆ. ಮುಂದಿನದೆಲ್ಲ ನನ್ನ ಕಣ್ಣೆದುರಿಗೇ ಆಯಿತು.

ತಮ್ಮ ಡಬ್ಬಿಯ ಮುಚ್ಚಳ ತೆಗೆದು ಅಕ್ಕನ ಮುಂದೆ ಇಟ್ಟ. "ನಾನ್ ಕೆಟ್ಟ ಮಾಲ್ ತತ್ತೀನಿ ಅಂತ ತಾನೇ ಅಣ್ಣ ನೀನ್ ಅನ್ನೋದು? ಅತ್ಗೆ ಇಲ್ಲೇ ಅವ್ರೆ. ನಮ್ಮಿಬ್ರ ಮುಂದೇನೇ ಆರಿಸ್ಲಿ. ಅವರು ಏನ್ ಅಂತಾರೋ ಅದೇ ಆಗ್ಲಿ. ಅವರು ಸುಳ್ ಯೋಳಾಕಿಲ್ಲ ಅನ್ನೋದು ಊರಿಗೇ ಗೊತ್ತು."

ಭಾವ ಚರಕಿಯ ಮೇಲಿಂದ ಕೈ ತೆಗೆದು, "ನೋಡೇ, ನೋಡು" ಅಂದರು.

ಅಕ್ಕ ಡಬ್ಬಿಯನ್ನೇ ನೋಡುತ್ತಾ ಕೂತರು. ಕೈ ಎರಡೂ ಸೆರಗಿನೊಳಗಿದ್ದವು. ನನ್ನ ಹೆಗಲ ಮೇಲೆ ಮಗುವಿನ ಉಸಿರು ಬಿಸಿಯಾಗಿ ಬಡಿಯುತ್ತಿತ್ತು. ಆಮೇಲೆ ಅಕ್ಕ ಕಾಲಿನಿಂದ, ಹೌದು, ಕಾಲಿನಿಂದ ಆ ಡಬ್ಬಿಯನ್ನು ಅತ್ತ ತಳ್ಳಿದರು.

"ಎಲ್ಲಾ ಗುಜರಿ" ಎಂದರು. "ಗೊತ್ತಿದ್ದೂ ಗೊತ್ತಿದ್ದೂ ತಂದಿದ್ದೀಯ. ಅಣ್ಣನ ಹೆಸ್ರು ಮುಳುಗ್ಸಿ ನಿನ್ ಅಂಗ್ಡಿ ಬೆಳಸ್ಕಂತಾ ಇದ್ದೀಯ."

ಅವನಿಗೆ ಅರ್ಥವೇ ಆಗಲಿಲ್ಲ. "ಮುಟ್ಟೂ ನೋಡ್ನಿಲ್ವಲ್ಲ ಅತ್ಗೆ..."

"ಮುಟ್ಟೋದೇನೈತೆ? ತಂದೋನ ಮುಖ ನೋಡಿದ್ರೇ ಗೊತ್ತಾಗ್ತದೆ. ನಿನ್ ಮಗೂನ ಸಾಕೋಕೆ ನಾನು, ನಮ್ ಮನೆ ಹಾಳ್ ಮಾಡೋಕೆ ನೀನು. ಸಾಕು. ನಿನ್ ಮಗೂನ ನೀನ್ ಕರ್ಕಂಡೋಗು. ನಂಗೇನ್ ಹೆತ್ತ ಋಣ ಐತಾ?"

ಆ ಮನೆಯಲ್ಲಿ ಅಂಥ ಮಾತು ಯಾರೂ ಕೇಳಿರಲಿಲ್ಲ. ಭಾವ ಕೂಡ ದಂಗಾಗಿ, "ಏಯ್ ಇವ್ಳೇ..." ಅಂದರು, ಅಷ್ಟೇ. ತಮ್ಮ ಎದ್ದು ನಿಂತ. ಅವನ ತುಟಿ ಮಗುವಿನ ತುಟಿಯ ಹಾಗೇ ಅದುರುತ್ತಿತ್ತು. "ನಮ್ಮವ್ವ ಸತ್ಮೇಲೆ ನಿಮ್ಮನ್ನೇ ಅವ್ವ ಅಂದ್ಕಂಡಿದ್ದೆ" ಎಂದು ನೇರವಾಗಿ ನನ್ನ ಹತ್ತಿರ ಬಂದು, ಮಗುವನ್ನು ಕಿತ್ತುಕೊಂಡ ಹಾಗೆ ಎತ್ತಿಕೊಂಡ.

ಬಸ್ಸು ಹೊರಡುವ ಹೊತ್ತಾಗಿತ್ತು. ಬೀದಿಯುದ್ದಕ್ಕೂ ಮಗು "ದೊಡ್ಡವ್ವಾ" ಎಂದು ಕಿರುಚುತ್ತಿತ್ತು. ಜನ ಜಗುಲಿಗೆ ಬಂದು ನಿಂತರು. ಅಕ್ಕ ಹೊಸಿಲಿಗೂ ಬರಲಿಲ್ಲ. ಬಾಗಿಲ ಹಿಂದೆ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದರು. ಅದನ್ನು ಕಂಡವಳು ನಾನೊಬ್ಬಳೇ.

ದನಿ ದೂರವಾದ ಮೇಲೆ ಭಾವ ನೆಲದಲ್ಲಿ ಚೆಲ್ಲಿದ್ದ ನಳಿಕೆಗಳಲ್ಲಿ ಒಂದನ್ನು ಎತ್ತಿಕೊಂಡರು. ಸುಮ್ಮನೆ, ಏನೂ ತೋಚದೆ ತಿರುಗಿಸಿದರು. ಸೀಸದ ಕಡ್ಡಿ ನೇರವಾಗಿ ಹೊರಗೆ ಬಂತು. ನೆಲಕ್ಕೆ ಒತ್ತಿದರು, ಒಳಕ್ಕೆ ಹೋಗಲಿಲ್ಲ. ಇನ್ನೊಂದನ್ನು ಎತ್ತಿಕೊಂಡರು. ಅದೂ ಹಾಗೆಯೇ. ಅವರು ತಲೆ ಎತ್ತಿ ಹೆಂಡತಿಯನ್ನು ನೋಡಿದ ನೋಟ ನನಗೆ ಇವತ್ತಿಗೂ ಮರೆಯಲಾಗದ್ದು.

"ಇವು ಚೆನ್ನಾಗೇ ಅವಲ್ಲೇ..."

"ಬಾಗ್ಲು ಹಾಕ್ಕಂಡು ಬನ್ನಿ" ಎಂದರು ಅಕ್ಕ. "ಒಂದ್ ಮಾತೈತೆ."

ನಾನು ಹಿತ್ತಿಲಿನಿಂದ ಮನೆಗೆ ಬಂದೆ. ಗೋಡೆಯಾಚೆ ಏನೂ ಕೇಳಿಸಲಿಲ್ಲ. ಮಾರನೆಯ ದಿನ ಚರಕಿಯ ಸದ್ದೂ ಇರಲಿಲ್ಲ, ಆಮೇಲೆ ಎಂದೂ ಇರಲಿಲ್ಲ. ಕೆಲವು ದಿನ ಕಳೆದು ಅವರಿಬ್ಬರೂ ಮನೆಗೆ ಬೀಗ ಹಾಕಿ ಹೊರಟರು. ಯಾತ್ರೆಗೆ ಎಂದು ಬೀದಿಯವರಿಗೆ ಹೇಳಿದರು. ನನ್ನ ಮುಂದೆ ಹಾದು ಹೋಗುವಾಗ ಅಕ್ಕ ನಿಲ್ಲಲಿಲ್ಲ. ಭಾವ ಮಾತ್ರ, "ಬತ್ತೀವಮ್ಮ" ಎಂದರು. ಬರಲಿಲ್ಲ. ದೂರದ ಯಾವುದೋ ಆಸ್ಪತ್ರೆಯ ಹತ್ತಿರ ಮನೆ ಮಾಡಿಕೊಂಡು ಭಾವ ಕೂಲಿ ಮಾಡುತ್ತಿದ್ದಾರೆಂದು ಬಹಳ ದಿನಗಳ ಮೇಲೆ ಯಾರೋ ಹೇಳಿದರು. ಅಕ್ಕ ತೀರಿಹೋದ ಸುದ್ದಿ ಬಂದಾಗ ನನ್ನ ಕಂಕುಳಲ್ಲಿ ಎರಡನೆಯ ಮಗುವಿತ್ತು.

ಆ ಹುಡುಗಿ ಹಾಸನದಲ್ಲಿ ಬೆಳೆದಳು, ಒಳ್ಳೆಯ ಕಡೆ ಮದುವೆಯಾಯಿತು. ನಾವೂ ಆಮೇಲೆ ಹಾಸನಕ್ಕೆ ಬಂದೆವು. ಮದುವೆ ಮುಂಜಿಗಳಲ್ಲಿ ಸಿಗುತ್ತಿದ್ದಳು. ಹಳೆಯ ಮಾತು ಬಂದರೆ ಅವಳ ಮುಖ ಗಂಟಾಗುತ್ತಿತ್ತು. "ನಮ್ಮ ದೊಡ್ಡವ್ವನ ವಿಷಯ ಎತ್ತಬೇಡಿ. ನಮ್ಮಪ್ಪನ ಮೇಲೆ ಇಲ್ಲದ್ದು ಹೇಳಿ ನಮ್ಮನ್ನ ಬೀದಿಗೆ ಹಾಕಿದೋಳು" ಎನ್ನುತ್ತಿದ್ದಳು. ನಾನು ಎಲೆಯ ಮೇಲಿನ ಉಪ್ಪನ್ನು ಸರಿಸುತ್ತಾ ಕೂತಿರುತ್ತಿದ್ದೆ. ಈಗಂತೂ ಆ ಕಾಯಿಲೆ ಮಾತ್ರೆಯಲ್ಲಿ ವಾಸಿಯಾಗುತ್ತದಂತೆ, ಯಾರೂ ಯಾರನ್ನೂ ದೂರ ಇಡಬೇಕಿಲ್ಲವಂತೆ. ಆದರೂ ಆಣೆಗೆ ಕಾಲಾವಧಿ ಇದೆಯೇ, ಯಾರನ್ನು ಕೇಳಲಿ...

ಹೋದ ತಿಂಗಳು ಅವಳೂ ತೀರಿಕೊಂಡಳು. ಮನೆಯವರನ್ನು ಮಾತಾಡಿಸಲು ಹೋಗಿದ್ದೆ. ಅವಳ ಮಗಳು ನನ್ನ ಪಕ್ಕದಲ್ಲೇ ಚಾಪೆಯ ಮೇಲೆ ಕೂತು, "ಅಜ್ಜಿ, ನೀವು ಅವತ್ತು ಅಲ್ಲೇ ಇದ್ರಂತೆ. ಅಮ್ಮ ಹೇಳೋಳು. ನಿಜವಾಗ್ಲೂ ಅಷ್ಟೊಂದು ಕಲ್ಲು ಮನಸ್ಸಾ ಅವರದ್ದು?" ಎಂದು ಕೇಳಿದಳು.

ಗುಟ್ಟನ್ನು ಯಾರಿಗೆ ತಿಳಿಯದಂತೆ ಕಾಯಬೇಕಿತ್ತೋ ಅವಳೇ ಈಗ ಇರಲಿಲ್ಲ. ಹೇಳಿದೆ. ಬೆರಳು, ಚಮಚ, ಬಾಗಿಲ ಹಿಂದಿನ ಸೆರಗು, ಎಲ್ಲ. ಅವಳು ಚಾಪೆಯ ಅಂಚಿನ ಎಳೆ ಕೀಳುತ್ತಾ ಕೂತಳು. ಆಮೇಲೆ, ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುವಂತೆ ಅಂದಳು:

"ನಮ್ಮಮ್ಮ ಯಾರ ಮನೆಯಿಂದ ಹೊರಡೋವಾಗ್ಲೂ ಬರ್ತೀನಿ ಅಂತ ಹೇಳ್ತಿರಲಿಲ್ಲ ಅಜ್ಜಿ. ಸುಮ್ಮನೆ ಎದ್ದು ಹೋಗಿಬಿಡೋಳು, ಅವತ್ತಿನ ಹಾಗೆ ಬಾಗಿಲಲ್ಲಿ ಯಾರೂ ಇರೋಲ್ಲ ಅಂತಲೋ ಏನೋ, ತಿರುಗಿ ಕೂಡ ನೋಡ್ತಿರಲಿಲ್ಲ. ಸೊಕ್ಕು ಅಂತ ಎಲ್ಲರೂ ಬೈಯೋರು. ನಾನೂ ಬೈದಿದ್ದೀನಿ."